ದಾವಣಗೆರೆ, ಚಿತ್ರದುರ್ಗದ ಮಕ್ಕಳು ಎಕ್ಸ್‌ರೇ ಟೆಕ್ನಿಷಿಯನ್ ಆಗೋದು ಹೇಗೆ?

ಏನು ಕೆಲಸ ಅಂತ ಯಾರಾದ್ರೂ ಕೇಳಿದರೆ ಎಕ್ಸ್‌ರೇ ಟೆಕ್ನಿಷಿಯನ್ ಅಂತೀನಿ. ‘ಓ, ಮೂಳೆ ಫೋಟೋ ತೆಗೆಯೋರಾ’ ಅಂತಾರೆ. ನಾನು ತಿದ್ದೋಕೆ ಹೋಗಲ್ಲ. ಒಂದು ಮಟ್ಟಿಗೆ ನಿಜಾನೇ. ಆದರೆ ಬಟನ್ ಒತ್ತೋಕೆ ಒಂದು ಸೆಕೆಂಡ್ ಕೂಡ ಬೇಕಾಗಲ್ಲ. ನೋವಿನಲ್ಲಿ ಒದ್ದಾಡುತ್ತಿರುವ ಮನುಷ್ಯನನ್ನು ಸರಿಯಾಗಿ ನಿಲ್ಲಿಸಬೇಕು, ಇಲ್ಲ ಮಲಗಿಸಬೇಕು, ಅಲುಗಾಡದ ಹಾಗೆ ಒಪ್ಪಿಸಬೇಕು. ಕಸುಬು ಇರೋದು ಅಲ್ಲಿ. ಅದು ಪುಸ್ತಕ ಓದಿ ಬರಲ್ಲ, ಕೈ ಪಳಗಬೇಕು. ಅದಕ್ಕೇ ನನ್ನನ್ನು ಕೇಳಿಕೊಂಡು ಬರುವ ಎಲ್ಲರಿಗೂ ಮೊದಲು ಹೇಳೋದು ಒಂದೇ: ರೋಗಿಗಳು ಜಾಸ್ತಿ ಬರುವ ಕಡೆ ಕಲಿಯಿರಿ. ಕಟ್ಟಡ, ಬಸ್ಸು, ಬ್ರೋಶರ್ ಎಲ್ಲ ಆಮೇಲೆ.

ನಿಮ್ಮ ಕೈಲಿ ಆಗುತ್ತಾ, ನೋಡಿಕೊಳ್ಳಿ

‘ಎಸಿ ರೂಮಲ್ಲಿ ಕೂತು ಮಾಡೋ ಕೆಲಸ’ ಅಂತ ನಂಬಿ ಸೇರಿದವರು ಮೊದಲ ತಿಂಗಳಲ್ಲೇ ಸುಸ್ತಾಗುತ್ತಾರೆ. ಎಸಿ ಇರೋದು ಮಷಿನ್‌ಗೆ. ನಾವು ಇಡೀ ದಿನ ನಿಂತೇ ಇರುತ್ತೇವೆ. ಸ್ಟ್ರೆಚರ್‌ನಿಂದ ಟೇಬಲ್‌ಗೆ ರೋಗಿಯನ್ನು ಎತ್ತಿ ಹಾಕಬೇಕು. ನ್ಯಾಷನಲ್ ಹೈವೇ 48 ನಮ್ಮ ಎರಡೂ ಜಿಲ್ಲೆಗಳ ನಡುವೆ ಹಾದುಹೋಗುತ್ತೆ. ರಾತ್ರಿ ಎರಡು ಗಂಟೆಗೆ ಅಪಘಾತದ ಕೇಸು ಬಂದರೆ ಡಾಕ್ಟರ್ ಜೊತೆ ನೀವೂ ಎದ್ದಿರಬೇಕು. ಚನ್ನಗಿರಿ ಕಡೆಯಿಂದ ಅಡಿಕೆ ಮರದಿಂದ ಬಿದ್ದವರು ಬರ್ತಾರೆ. ಸೊಂಟದ ಮೂಳೆ ಮುರಿದ ಅಜ್ಜಿಯರು ಬರ್ತಾರೆ. ರಕ್ತ, ವಾಂತಿ, ಕುಡಿದ ವಾಸನೆ, ಅಳು, ಬೈಗುಳ ಎಲ್ಲ ಇರುತ್ತೆ.

ಪರಿಚಯದವರ ಮೂಲಕ ಅನುಮತಿ ಕೇಳಿ ಒಂದು ದಿನ ಯಾವುದಾದ್ರೂ ಎಕ್ಸ್‌ರೇ ಕೋಣೆಯ ಹೊರಗೆ ಕೂತು ನೋಡಿ. ಸಂಜೆ ಹೊತ್ತಿಗೆ ಬೇಜಾರಾಗಿದ್ದರೆ ಬೇರೆ ಕೋರ್ಸ್ ನೋಡಿ. ‘ಒಳಗೆ ಏನ್ ಮಾಡ್ತಾರೆ ನೋಡಬೇಕಿತ್ತು’ ಅಂತ ಅನ್ನಿಸಿದರೆ ಮುಂದೆ ಓದಿ.

ಎಸ್‌ಎಸ್‌ಎಲ್‌ಸಿ ಮುಗಿಸಿಯೋ, ಪಿಯುಸಿ ಮುಗಿಸಿಯೋ?

ದಾರಿ ಎರಡು. ಒಂದು ಡಿಪ್ಲೊಮಾ. ಇದನ್ನು ನಡೆಸೋದು ಬೆಂಗಳೂರಿನ ಪ್ಯಾರಾ ಮೆಡಿಕಲ್ ಬೋರ್ಡ್. ಎಸ್‌ಎಸ್‌ಎಲ್‌ಸಿ ಮೇಲೆ ಸೇರಿದರೆ ಮೂರು ವರ್ಷ, ಪಿಯುಸಿ ಸೈನ್ಸ್ ಮೇಲೆ ಸೇರಿದರೆ ಎರಡು ವರ್ಷ. ಇನ್ನೊಂದು ಬಿ.ಎಸ್‌ಸಿ. ಮೆಡಿಕಲ್ ಇಮೇಜಿಂಗ್ ಟೆಕ್ನಾಲಜಿ. ಇದು ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಅಡಿ ಬರುತ್ತೆ. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಓದಿರಬೇಕು. ಮೂರು ವರ್ಷ ಓದು, ಮೇಲೆ ಒಂದು ವರ್ಷ ಇಂಟರ್ನ್‌ಶಿಪ್.

ನನ್ನ ಅಭಿಪ್ರಾಯ ಕೇಳಿದರೆ, ಮನೆಯಲ್ಲಿ ನಾಲ್ಕು ವರ್ಷ ತಡೆದುಕೊಳ್ಳುವ ಶಕ್ತಿ ಇದ್ದರೆ ಪಿಯುಸಿ ಸೈನ್ಸ್ ಮಾಡಿ ಬಿ.ಎಸ್‌ಸಿ.ಗೆ ಹೋಗಿ. ಸಿಟಿ, ಎಮ್‌ಆರ್‌ಐ ಇರುವ ಕಡೆ ಈಗ ಡಿಗ್ರಿಯವರನ್ನೇ ಮೊದಲು ಕರೀತಾರೆ. ಮುಂದೆ ಎಮ್.ಎಸ್‌ಸಿ. ಮಾಡಿ ಪಾಠ ಹೇಳೋಕೂ ಹೋಗಬಹುದು. ದುಡಿಮೆ ಬೇಗ ಶುರುವಾಗಬೇಕು ಅನ್ನುವ ಮನೆಯವರಾದರೆ ಡಿಪ್ಲೊಮಾದಲ್ಲಿ ತಪ್ಪೇನಿಲ್ಲ. ನಾನು ಕಂಡ ಅತಿ ಒಳ್ಳೆ ಕೈಗಳಲ್ಲಿ ಅರ್ಧ ಡಿಪ್ಲೊಮಾದವರದ್ದೇ.

ಎಸ್‌ಎಸ್‌ಎಲ್‌ಸಿ ಮುಗಿಸಿ ಹದಿನಾರಕ್ಕೇ ಸೇರುವವರು ಒಂದು ವಿಷಯ ನೆನಪಿಡಿ. 18 ತುಂಬದವರನ್ನು ವಿಕಿರಣದ ಕೆಲಸಕ್ಕೆ ನೇಮಿಸಿಕೊಳ್ಳುವ ಹಾಗಿಲ್ಲ. 16ರಿಂದ 18ರವರೆಗೆ ತರಬೇತಿ ಪಡೆಯಬಹುದು, ಆದರೆ ಅವರಿಗೆ ವಿಕಿರಣದ ಮಿತಿ ತುಂಬಾ ಕಡಿಮೆ. ಕಾಲೇಜಿನವರು ಮೊದಲ ವರ್ಷವೇ ನಿಮ್ಮನ್ನು ಸಂಬಳವಿಲ್ಲದ ಆಳಿನ ಹಾಗೆ ಎಕ್ಸ್‌ರೇ ಕೋಣೆಯಲ್ಲಿ ನಿಲ್ಲಿಸಿದರೆ ಪ್ರಶ್ನೆ ಮಾಡಿ.

ಬಸ್ ಸ್ಟ್ಯಾಂಡ್ ಗೋಡೆಗಳ ಮೇಲೆ ‘ಆರು ತಿಂಗಳಲ್ಲಿ ಎಕ್ಸ್‌ರೇ ಕೋರ್ಸ್, ನೂರಕ್ಕೆ ನೂರು ಉದ್ಯೋಗ’ ಅಂತ ಅಂಟಿಸಿರುತ್ತಾರೆ. ಹತ್ತಿರ ಹೋಗಬೇಡಿ. 2021ರಲ್ಲಿ ಕೇಂದ್ರ ಸರ್ಕಾರ ಈ ಥರದ ವೃತ್ತಿಗಳಿಗೇ ಪ್ರತ್ಯೇಕ ಕಾನೂನು ತಂದಿದೆ. ಮಾನ್ಯತೆ ಇಲ್ಲದ ಸರ್ಟಿಫಿಕೇಟ್ ಇಟ್ಟುಕೊಂಡು ನೋಂದಣಿಗೆ ಹೋದಾಗ ಬಾಗಿಲಲ್ಲೇ ನಿಲ್ಲಬೇಕಾಗುತ್ತೆ.

ಹೆಸರುಗಳ ಗೊಂದಲವೂ ಇದೆ. ರೇಡಿಯಾಲಜಿಸ್ಟ್ ಅಂದ್ರೆ ಎಂಬಿಬಿಎಸ್ ಮುಗಿಸಿ ಎಂಡಿ ಮಾಡಿದ ಡಾಕ್ಟರು. ಫಿಲಂ ನೋಡಿ ರಿಪೋರ್ಟ್ ಬರೆಯೋದು ಅವರು. ಆ ಫಿಲಂ ಸರಿಯಾಗಿ ಬರುವ ಹಾಗೆ ಮಾಡೋದು ನಾವು. ಕ್ಯಾನ್ಸರ್‌ಗೆ ಕರೆಂಟು ಕೊಡ್ತಾರೆ ಅಂತಾರಲ್ವಾ, ಅದು ರೇಡಿಯೋಥೆರಪಿ. ಅದರ ಕೋರ್ಸೇ ಬೇರೆ.

ಕಾಲೇಜು ಆರಿಸೋಕೆ ಮುಂಚೆ ಒಂದು ಸೋಮವಾರ

ದಾವಣಗೆರೆ ಮೊದಲಿನಿಂದಲೂ ಆಸ್ಪತ್ರೆಗಳ ಊರು. ಜೆಜೆಎಂ ಮೆಡಿಕಲ್ ಕಾಲೇಜು ಶುರುವಾಗಿದ್ದು 1965ರಲ್ಲಿ. ಬಾಪೂಜಿ ಆಸ್ಪತ್ರೆ, ಚಿಗಟೇರಿ ಜಿಲ್ಲಾಸ್ಪತ್ರೆ, ಎಸ್‌ಎಸ್ ಆಸ್ಪತ್ರೆ ಮೂರೂ ಕಡೆ ಜನ ತುಂಬಿರುತ್ತಾರೆ. ಚಿತ್ರದುರ್ಗದಲ್ಲಿ ಜಿಲ್ಲಾಸ್ಪತ್ರೆ, ಬಸವೇಶ್ವರ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇವೆ, ಈಗ ಸರ್ಕಾರಿ ಮೆಡಿಕಲ್ ಕಾಲೇಜೂ ಬಂದಿದೆ. ಚಳ್ಳಕೆರೆ, ಹೊಸದುರ್ಗ, ಜಗಳೂರು, ಹರಿಹರದ ಮಕ್ಕಳು ಬೆಂಗಳೂರಿಗೇ ಓಡಬೇಕು ಅಂತೇನಿಲ್ಲ. ಆದರೆ ಆಸ್ಪತ್ರೆ ದೊಡ್ಡದು ಅಂದ ಮಾತ್ರಕ್ಕೆ ನಿಮ್ಮ ಕೋರ್ಸ್ ಅಲ್ಲಿ ಇದೆ ಅಂತಲ್ಲ. ಬೋರ್ಡ್ ಮತ್ತು ವಿಶ್ವವಿದ್ಯಾಲಯ ಪ್ರತಿ ವರ್ಷ ಮಾನ್ಯತೆಯ ಪಟ್ಟಿ ಹಾಕುತ್ತವೆ. ನೀವು ಸೇರುವ ವರ್ಷದ ಪಟ್ಟಿಯಲ್ಲಿ ಕಾಲೇಜಿನ ಹೆಸರು, ಕೋರ್ಸಿನ ಹೆಸರು ಎರಡೂ ಇದೆಯಾ ನೋಡಿ. ಸೀನಿಯರ್ ಹೇಳಿದ, ಏಜೆಂಟ್ ಹೇಳಿದ ಅಂತ ದುಡ್ಡು ಕಟ್ಟಬೇಡಿ.

ಪಟ್ಟಿಯಲ್ಲಿದ್ದರೆ ಒಂದು ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಆ ಆಸ್ಪತ್ರೆಗೆ ಹೋಗಿ. ಎಕ್ಸ್‌ರೇ ಕೋಣೆಯ ಮುಂದಿನ ಬೆಂಚಿನ ಮೇಲೆ ಒಂದು ಗಂಟೆ ಸುಮ್ನೆ ಕೂತ್ಕೊಳ್ಳಿ. ಎಷ್ಟು ಜನ ಒಳಗೆ ಹೋದರು, ಎಣಿಸಿ. ಗಂಟೆಗೆ ಇಬ್ಬರು ಮೂವರು ಬಂದರೆ ಆ ಕಾಲೇಜಿನಲ್ಲಿ ನೀವು ಕಲಿಯೋದು ಪುಸ್ತಕವನ್ನು ಮಾತ್ರ. ಬೆಂಚು ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರೆ ಅದು ನಿಮ್ಮ ಜಾಗ. ಹೊರಗೆ ಬರುವ ವಿದ್ಯಾರ್ಥಿಯೊಬ್ಬನನ್ನು ಹಿಡಿದು ಮೂರು ಪ್ರಶ್ನೆ ಕೇಳಿ. ಪೊಸಿಷನಿಂಗ್, ಅಂದ್ರೆ ರೋಗಿಯನ್ನು ಸರಿಯಾಗಿ ನಿಲ್ಲಿಸೋದು, ಮಲಗಿಸೋದು, ನೀವೇ ಮಾಡ್ತೀರಾ, ನೋಡ್ತಾ ನಿಂತಿರ್ತೀರಾ? ಸಿಟಿ ಕನ್ಸೋಲ್ ಮುಟ್ಟೋಕೆ ಬಿಡ್ತಾರಾ? ಮೈಗೆ ಬಿದ್ದ ವಿಕಿರಣ ಅಳೆಯುವ ಬ್ಯಾಡ್ಜ್ ಕೊಟ್ಟಿದ್ದಾರಾ? ಅವನು ಕೊಡುವ ಉತ್ತರಕ್ಕಿಂತ ಉತ್ತರ ಕೊಡುವಾಗಿನ ಮುಖ ನೋಡಿ.

ಅರ್ಜಿ, ಕಾಗದ, ದುಡ್ಡು

ಇದನ್ನು ಬೇಗ ಮುಗಿಸ್ತೀನಿ. ಡಿಗ್ರಿಯ ಸರ್ಕಾರಿ ಕೋಟಾ ಸೀಟಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪ್ರಕಟಣೆ ಕಾಯಬೇಕು, ಡಿಪ್ಲೊಮಾಗೆ ಪ್ಯಾರಾ ಮೆಡಿಕಲ್ ಬೋರ್ಡಿನದ್ದು. ಜಾತಿ, ಆದಾಯ ಪತ್ರಗಳನ್ನು ನಾಡಕಚೇರಿಯಿಂದ ಫಲಿತಾಂಶ ಬರುವ ಮುಂಚೆಯೇ ಮಾಡಿಸಿಟ್ಟುಕೊಳ್ಳಿ. ಪ್ರಾಧಿಕಾರದಲ್ಲಿ ಗ್ರಾಮೀಣ ಅಥವಾ ಕನ್ನಡ ಮಾಧ್ಯಮದ ಮೀಸಲಾತಿ ಕೇಳೋದಾದರೆ 1ರಿಂದ 10ನೇ ತರಗತಿವರೆಗಿನ ವ್ಯಾಸಂಗ ಪತ್ರ ಬೇಕು. ಅದಕ್ಕೆ ಬಿಇಒ ಕಚೇರಿಯ ಸಹಿಯೂ ಬೇಕು. ಜೂನ್‌ನಲ್ಲಿ ಆ ಕಚೇರಿ ಮುಂದೆ ಜಾತ್ರೆ ಸೇರಿರುತ್ತೆ, ಮೇ ತಿಂಗಳಲ್ಲೇ ಹೋಗಿ ಬನ್ನಿ. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಬೇಕು. ಹಾಸ್ಟೆಲ್ ಬೇಕಾದವರು ಹಿಂದುಳಿದ ವರ್ಗಗಳ ಇಲಾಖೆ, ಸಮಾಜ ಕಲ್ಯಾಣ ಇಲಾಖೆ ಎರಡನ್ನೂ ವಿಚಾರಿಸಿ.

ಮೊದಲ ವರ್ಷ ಹೆದರಿಸುವ ಫಿಸಿಕ್ಸ್

ಅಂಗರಚನೆ, ಶರೀರಕ್ರಿಯೆ ಹೇಗೋ ಓದಿಕೊಳ್ಳುತ್ತಾರೆ. ಮೂಳೆಗಳ ಹೆಸರು ಕಲಿಯೋಕೆ ಪುಸ್ತಕಕ್ಕಿಂತ ಸ್ವಂತ ಮೈ ವಾಸಿ. ಮಣಿಕಟ್ಟಿನ ಎಂಟು ಮೂಳೆಗಳನ್ನು ಬಸ್ಸಲ್ಲಿ ಕೂತು ಮುಟ್ಟಿ ಮುಟ್ಟಿ ಕಲಿಯಬಹುದು. ಕನ್ನಡ ಮಾಧ್ಯಮದಿಂದ ಬಂದವರು ಎರಡು ಕಾಲಂನ ನೋಟ್ ಪುಸ್ತಕ ಇಡಿ. ಒಂದು ಕಡೆ ಪಾಠದ ಪದ, ಇನ್ನೊಂದು ಕಡೆ ನಮ್ಮ ಜನ ಹೇಳುವ ಪದ. ರೋಗಿ ಬಂದು ‘ರಟ್ಟೆ ನೋವು’ ಅಂದಾಗ ಭುಜವೋ ತೋಳೋ ಅಂತ ನಿಮಗೆ ಗೊತ್ತಾಗಬೇಕಲ್ವಾ.

ಹೆದರೋದು ಕೆವಿ (ಕಿಲೋವೋಲ್ಟ್), ಎಮ್‌ಎಎಸ್ (ಮಿಲಿ ಆಂಪಿಯರ್ ಸೆಕೆಂಡ್) ಅನ್ನುವ ಎರಡು ಪದಕ್ಕೆ. ನಮ್ಮ ಕಡೆ ಬೋರ್‌ವೆಲ್ ನೋಡದವರು ಯಾರೂ ಇಲ್ಲ, ಹಾಗಾಗಿ ನಾನು ಜೂನಿಯರ್‌ಗಳಿಗೆ ಹೀಗೆ ಹೇಳ್ತೀನಿ. ಕೆವಿ ಅಂದ್ರೆ ಪೈಪಿನ ಪ್ರೆಷರ್. ಕಿರಣ ಎಷ್ಟು ಆಳಕ್ಕೆ ತೂರಿ ಹೋಗುತ್ತೆ ಅನ್ನೋದು ಅದರ ಮೇಲಿದೆ. ಎಮ್‌ಎ ಅಂದ್ರೆ ಧಾರೆಯ ದಪ್ಪ, ಸೆಕೆಂಡ್ ಅಂದ್ರೆ ಮೋಟರ್ ಎಷ್ಟು ಹೊತ್ತು ಓಡಿತು ಅನ್ನೋದು. ಎರಡನ್ನೂ ಗುಣಿಸಿದರೆ ಒಟ್ಟು ಎಷ್ಟು ನೀರು ಬಿತ್ತು ಅಂತ ಸಿಗುತ್ತೆ. ಅದೇ ಎಮ್‌ಎಎಸ್. ಅಂಗೈಗೆ 50 ಕೆವಿ ಆಸುಪಾಸು ಸಾಕು. ಸೊಂಟವನ್ನು ಪಕ್ಕದಿಂದ ತೆಗೆಯೋಕೆ 80, 90 ಬೇಕು. ಪ್ರೆಷರ್ ಕಡಿಮೆ ಇದ್ದರೆ ಎಷ್ಟು ಹೊತ್ತು ಬಿಟ್ಟರೂ ನೀರು ಕೊನೆ ಸಾಲಿಗೆ ತಲುಪಲ್ಲ, ಹಾಗೇ ಇದೂ. ಇನ್ನೊಂದು ಸೂತ್ರ ಬಾಯಿಪಾಠ ಇರಲಿ: ಕೆವಿಯನ್ನು ಶೇಕಡ 15ರಷ್ಟು ಏರಿಸಿದರೆ ಫಿಲಂ ಮೇಲೆ ಎಮ್‌ಎಎಸ್ ಎರಡು ಪಟ್ಟು ಮಾಡಿದಷ್ಟೇ ಪರಿಣಾಮ.

ದೂರದ ಲೆಕ್ಕವನ್ನು ಪರೀಕ್ಷೆಗೆ ಓದಿ ಮರೆಯಬೇಡಿ, ಅದು ನಿಮ್ಮ ಮೈ ಕಾಯುವ ಲೆಕ್ಕ. ಮಷಿನ್‌ನಿಂದ ಒಂದು ಮೀಟರ್ ದೂರ ಇದ್ದವರು ಎರಡು ಮೀಟರ್‌ಗೆ ಸರಿದರೆ ಬೀಳುವ ವಿಕಿರಣ ಕಾಲು ಭಾಗಕ್ಕೆ ಇಳಿಯುತ್ತೆ. ಮೂರು ಮೀಟರ್‌ಗೆ ಒಂಬತ್ತನೇ ಒಂದು ಭಾಗ. ವಾರ್ಡಿನಲ್ಲಿ ಪೋರ್ಟಬಲ್ ಮಷಿನ್‌ನಿಂದ ಎಕ್ಸ್‌ರೇ ತೆಗೆಯುವಾಗ ವೈರು ಪೂರ್ತಿ ಎಳೆದು ದೂರ ನಿಲ್ಲೋದು ಇದಕ್ಕೇ.

ಎದೆಯ ಎಕ್ಸ್‌ರೇ ಒಂದನ್ನು ನೆಟ್ಟಗೆ ಕಲಿತರೆ

ಅರ್ಧ ವಿದ್ಯೆ ಬಂದ ಹಾಗೆ. ಬಹಳ ಸುಲಭ ಅಂತ ಎಲ್ಲರೂ ಹಗುರವಾಗಿ ತಗೊಳ್ಳೋದೂ ಇದನ್ನೇ.

ಚೀಟಿ ನೋಡಿ ಹೆಸರು ಕರೆಯಿರಿ. ‘ನಿಮ್ಮ ಹೆಸರು ಇದೇನಾ’ ಅಂತ ಕೇಳಬೇಡಿ, ಕಿವಿ ಮಂದ ಇರೋರು ಎಲ್ಲದಕ್ಕೂ ಹೂಂ ಅಂತಾರೆ. ‘ನಿಮ್ಮ ಹೆಸರೇನು’ ಅಂತಲೇ ಕೇಳಿ. ಕೊರಳಲ್ಲಿ ಸರ, ತಾಯತ ಇದ್ದರೆ ತೆಗೆಸಿ. ತಾಳಿ ತೆಗೆಯಲ್ಲ ಅಂತಾರೆ. ಜಗಳ ಬೇಡ. ಸರವನ್ನು ಮೇಲೆತ್ತಿ ಗದ್ದದ ಹತ್ತಿರ ಸೇರಿಸಿದರೆ ಶ್ವಾಸಕೋಶದ ಜಾಗ ಖಾಲಿಯಾಗುತ್ತೆ. ಜಡೆ ಮಾತ್ರ ಮರೆಯಬೇಡಿ. ಒದ್ದೆ ಜಡೆ ಭುಜದ ಮೇಲೆ ಬಿದ್ದಿದ್ದರೆ ಫಿಲಂನಲ್ಲಿ ಶ್ವಾಸಕೋಶದ ತುದಿಗೆ ಕಲೆಯ ಹಾಗೆ ಕಾಣುತ್ತೆ. ಟಿಬಿ ಹುಡುಕೋದೂ ಅದೇ ಜಾಗದಲ್ಲಿ.

ಕಿರಣ ಹೊರಡುವ ಟ್ಯೂಬ್ 180 ಸೆಂಟಿಮೀಟರ್ ದೂರ ಇರಲಿ. ಎದೆ ಚಿತ್ರ ಮೂಡುವ ಪ್ಲೇಟಿಗೆ ತಾಗಬೇಕು, ಬೆನ್ನು ನಿಮ್ಮ ಕಡೆ. ಹೃದಯ ಇರೋದು ಎದೆಯ ಮುಂಭಾಗದಲ್ಲಿ. ಅದು ಪ್ಲೇಟಿಗೆ ಹತ್ತಿರ, ಟ್ಯೂಬಿಗೆ ದೂರ ಇದ್ದಷ್ಟೂ ನಿಜವಾದ ಅಳತೆಯಲ್ಲಿ ಬರುತ್ತೆ. ಉಲ್ಟಾ ತೆಗೆದರೆ ಚೆನ್ನಾಗಿರೋ ಹೃದಯವೂ ದಪ್ಪ ಕಾಣಿಸಿ, ಮನೆಯವರು ಗಾಬರಿಯಾಗ್ತಾರೆ. ಗದ್ದ ಮೇಲೆ, ಕೈ ಸೊಂಟದ ಮೇಲೆ, ಮೊಣಕೈ ಮುಂದಕ್ಕೆ. ಆಗ ಹೆಗಲ ಮೂಳೆಗಳು ಪಕ್ಕಕ್ಕೆ ಸರೀತವೆ.

ಆಮೇಲೆ ಉಸಿರು. ‘ಇನ್‌ಸ್ಪಿರೇಷನ್ ತಗೊಳ್ಳಿ’ ಅಂದರೆ ಯಾರಿಗೆ ಅರ್ಥ ಆಗುತ್ತೆ? ‘ಅಜ್ಜೀ, ಉಸ್ರು ಎಳ್ಕೋ, ಇನ್ನೂ ಎಳ್ಕೋ, ಹಂಗೇ ಹಿಡ್ಕೋ’ ಅನ್ನಬೇಕು. ಮೊದಲು ಒಂದು ಸಲ ಸುಮ್ನೆ ಅಭ್ಯಾಸ ಮಾಡಿಸಿ, ಎರಡನೇ ಸಲಕ್ಕೆ ತೆಗೆಯಿರಿ. ಬಹಳ ಜನ ಭುಜ ಎತ್ತಿ ಉಸಿರು ಎಳೆದ ಹಾಗೆ ನಟಿಸ್ತಾರೆ. ಕಣ್ಣು ಪಕ್ಕೆಲುಬಿನ ಮೇಲಿರಲಿ, ಅದು ಹಿಗ್ಗಿದಾಗ ಒತ್ತಿ. ಚಿತ್ರ ಬಂದ ಮೇಲೆ ಹಿಂಭಾಗದ ಪಕ್ಕೆಲುಬು ಎಣಿಸಿ. ವಪೆಯ (ಎದೆ ಹೊಟ್ಟೆ ನಡುವಿನ ಸ್ನಾಯು) ಮೇಲೆ ಒಂಬತ್ತು ಹತ್ತು ಕಂಡರೆ ಉಸಿರು ಸರಿಯಾಗಿದೆ. ಎರಡೂ ಕೊರಳೆಲುಬಿನ ತುದಿ ಬೆನ್ನುಮೂಳೆಯಿಂದ ಸಮ ದೂರದಲ್ಲಿದ್ದರೆ ರೋಗಿ ತಿರುಗಿಲ್ಲ. ಶ್ವಾಸಕೋಶದ ಕೆಳಗಿನ ಎರಡೂ ಮೂಲೆ ಫಿಲಂ ಒಳಗಿವೆಯಾ ನೋಡಿ. ಇಷ್ಟಾಗದೆ ರೋಗಿಯನ್ನು ಕಳಿಸಬೇಡಿ. ಅವರು ಬಂದಿರೋದು ಮೊಳಕಾಲ್ಮೂರಿಂದ, ಬಸ್ಸಿಗೆ ಹೊತ್ತಾಗಿರುತ್ತೆ, ನಾಳೆ ಮತ್ತೆ ಬನ್ನಿ ಅನ್ನೋಕಾಗಲ್ಲ.

ಎಡ ಬಲದ ಗುರುತಿನ ಬಗ್ಗೆ ನನ್ನದೇ ಒಂದು ಕಥೆ ಇದೆ. ಇಂಟರ್ನ್‌ಶಿಪ್ ಮಾಡುವಾಗ ಒಂದು ರಾತ್ರಿ ನಾಲ್ಕು ಕೇಸು ಒಟ್ಟಿಗೆ ಬಂದವು. ಒಬ್ಬರ ಮುಂಗೈ ತೆಗೆದೆ. ಗುರುತನ್ನು ಆಮೇಲೆ ಕಂಪ್ಯೂಟರ್‌ನಲ್ಲಿ ಹಾಕೋಣ ಅಂತ ಬಿಟ್ಟೆ, ಹಾಕುವಾಗ ಎಡಕ್ಕೆ ಬಲ ಅಂತ ಹಾಕಿದೆ. ಮೂಳೆ ಡಾಕ್ಟರು ಫಿಲಂ ನೋಡಿದರು, ರೋಗಿಯ ಎಡಗೈಯ ಬ್ಯಾಂಡೇಜ್ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಒಂದು ಮಾತೂ ಆಡಲಿಲ್ಲ. ಬೈದಿದ್ದರೇ ವಾಸಿ ಇತ್ತು. ಅವತ್ತಿಂದ ಸೀಸದ ಗುರುತನ್ನು ಪ್ಲೇಟ್ ಮೇಲೆ ಇಟ್ಟೇ ಎಕ್ಸ್‌ಪೋಷರ್ ಕೊಡ್ತೀನಿ. ಅದೊಂದು ಸದಾ ನನ್ನ ಜೇಬಲ್ಲಿರುತ್ತೆ.

ವಿಕಿರಣದ ಭಯ, ಮನೆಯವರ ಭಯ

‘ಆ ಕೆಲಸ ಮಾಡಿದರೆ ಮಕ್ಕಳಾಗಲ್ವಂತೆ’ ಅಂತ ಯಾರಾದರೂ ಹೇಳದೆ ಇರಲ್ಲ. ಹೆಣ್ಣುಮಕ್ಕಳ ಮನೆಯಲ್ಲಂತೂ ಇದೇ ದೊಡ್ಡ ತಕರಾರು. ಇದಕ್ಕೆ ಉತ್ತರ ಕೊಡೋಕೆ ಲೆಕ್ಕ ಗೊತ್ತಿರಬೇಕು. ನಮ್ಮ ದೇಶದಲ್ಲಿ ಇದನ್ನು ನೋಡಿಕೊಳ್ಳೋದು 1983ರಲ್ಲಿ ಶುರುವಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ನಾವು ಎಇಆರ್‌ಬಿ ಅಂತೀವಿ. ಕೆಲಸ ಮಾಡುವವರಿಗೆ ಐದು ವರ್ಷದ ಸರಾಸರಿ ವರ್ಷಕ್ಕೆ 20 ಮಿಲಿ ಸೀವರ್ಟ್ (ಮೈಗೆ ಬಿದ್ದ ವಿಕಿರಣದ ಅಳತೆ) ಮೀರಬಾರದು, ಯಾವ ಒಂದು ವರ್ಷದಲ್ಲೂ 30 ದಾಟಬಾರದು. ಗರ್ಭಿಣಿ ಅಂತ ತಿಳಿಸಿದ ಮೇಲೆ ಮಗುವಿಗೆ ತಾಗುವುದು 1 ಮಿಲಿ ಸೀವರ್ಟ್ ಒಳಗಿರಬೇಕು. ಮಣ್ಣು, ಗಾಳಿ, ಆಕಾಶದಿಂದ ಎಲ್ಲರ ಮೇಲೂ ವರ್ಷಕ್ಕೆ ಸರಾಸರಿ 2.4 ಮಿಲಿ ಸೀವರ್ಟ್ ಹೇಗೂ ಬೀಳುತ್ತೆ. ಗೋಡೆಯ ಹಿಂದೆ ನಿಂತು, ನಿಯಮದ ಪ್ರಕಾರ ಎಕ್ಸ್‌ರೇ ತೆಗೆಯುವವರು ಮಿತಿಯ ಹತ್ತಿರಕ್ಕೂ ಹೋಗಲ್ಲ. ತೊಂದರೆ ಮಾಡಿಕೊಳ್ಳೋದು, ‘ಒಂದೇ ತಾನೆ’ ಅಂತ ಬಾಗಿಲು ತೆರೆದಿಟ್ಟು ತೆಗೆಯುವವರು, ಅಳುವ ಮಗುವನ್ನು ದಿನಾ ತಾವೇ ಹಿಡಿದುಕೊಳ್ಳುವವರು. ಮಗುವನ್ನು ಅಪ್ಪನ ಕೈಲಿ ಹಿಡಿಸಿ, ಅವರಿಗೆ ಲೆಡ್ ಏಪ್ರನ್ ಹಾಕಿಸಿ.

ವಿಕಿರಣ ಅಳೆಯೋಕೆ ಎದೆಗೆ ಹಾಕುವ ಟಿಎಲ್‌ಡಿ ಬ್ಯಾಡ್ಜ್ ನಿಮ್ಮ ಲೆಕ್ಕದ ಪುಸ್ತಕ. ಏಪ್ರನ್ ಹಾಕಿದಾಗ ಅದು ಒಳಗಿರಬೇಕು. ಮೂರು ತಿಂಗಳಿಗೊಮ್ಮೆ ಲೆಕ್ಕಕ್ಕೆ ಹೋಗುತ್ತೆ. ಕೋಟಿಗೆ ಸಿಕ್ಕಿಸಿ ಆ ಕೋಟನ್ನು ಎಕ್ಸ್‌ರೇ ಕೋಣೆಯಲ್ಲೇ ನೇತುಹಾಕಿ ಊಟಕ್ಕೆ ಹೋಗಬೇಡಿ. ನೀವು ಬೆಣ್ಣೆ ದೋಸೆ ತಿನ್ನುತ್ತಿರುವಾಗ ಬ್ಯಾಡ್ಜ್ ಪಾಪ ವಿಕಿರಣ ತಿಂತಾ ಇರುತ್ತೆ. ಆಮೇಲೆ ವಿವರಣೆ ಕೇಳಿ ಕಾಗದ ಬರುತ್ತೆ. ಲೆಡ್ ಏಪ್ರನ್ ಮಡಚಬೇಡಿ, ಒಳಗೆ ಬಿರುಕು ಬಿಡುತ್ತೆ. ಹ್ಯಾಂಗರ್‌ಗೆ ಹಾಕಿ.

ಹೊಟ್ಟೆ, ಸೊಂಟದ ಎಕ್ಸ್‌ರೇಗೆ ಬರುವ ಹೆಣ್ಣುಮಕ್ಕಳನ್ನು ಮುಟ್ಟಿನ ಬಗ್ಗೆ ಕೇಳಲೇಬೇಕು. ಅತ್ತೆ ಪಕ್ಕದಲ್ಲಿದ್ದಾಗ ಸೊಸೆ ನಿಜ ಹೇಳಲ್ಲ. ಅತ್ತೆಯನ್ನು ಹೊರಗೆ ಕೂರಿಸಿ, ಬಾಗಿಲು ಹಾಕಿ, ‘ಹೋದ ಸಲ ಮುಟ್ಟಾಗಿದ್ದು ಯಾವಾಗಮ್ಮ’ ಅಂತ ಮೆಲ್ಲಗೆ ಕೇಳಿ. ಗಂಡು ಟೆಕ್ನಿಷಿಯನ್ ಆದರೆ ಸಿಸ್ಟರ್ ಒಬ್ಬರನ್ನು ಕರೆದು ಕೇಳಿಸಿ.

ಸಿಟಿ, ಎಮ್‌ಆರ್‌ಐ, ಸ್ಕ್ಯಾನಿಂಗ್

ಸಿಟಿಯಲ್ಲಿ ಕಲಿಯೋಕೆ ಕಷ್ಟ ಇರೋದು ಮಷಿನ್ ಅಲ್ಲ, ಚಿತ್ರ ಸ್ಪಷ್ಟವಾಗಿ ಬರಲಿ ಅಂತ ಚುಚ್ಚುವ ಕಾಂಟ್ರಾಸ್ಟ್ ಔಷಧ. ಕೊಡುವ ಮುಂಚೆ ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ) ರಿಪೋರ್ಟ್ ನೋಡಿ, ಹಿಂದೆ ಅಲರ್ಜಿ ಆಗಿತ್ತಾ ಕೇಳಿ, ಸಕ್ಕರೆ ಕಾಯಿಲೆಗೆ ಯಾವ ಮಾತ್ರೆ ತಗೋತಾರೆ ಅಂತ ಕೇಳಿ ಡಾಕ್ಟರಿಗೆ ತಿಳಿಸಿ. ‘ಮೈ ಬಿಸಿಯಾಗುತ್ತೆ, ಉಚ್ಚೆ ಹೋದ ಹಾಗೆ ಅನ್ನಿಸುತ್ತೆ, ಹೋಗಿರಲ್ಲ’ ಅಂತ ಮೊದಲೇ ಹೇಳಿಬಿಡಿ. ಹೇಳದಿದ್ದರೆ ಅರ್ಧದಲ್ಲಿ ಎದ್ದು ಕೂರುತ್ತಾರೆ.

ಎಮ್‌ಆರ್‌ಐನಲ್ಲಿ ವಿಕಿರಣ ಇಲ್ಲ, ಆದರೆ ಅಯಸ್ಕಾಂತ ಹಗಲು ರಾತ್ರಿ ಆನ್ ಇರುತ್ತೆ. 1.5 ಟೆಸ್ಲಾ ಮಷಿನ್ ಭೂಮಿಯ ಅಯಸ್ಕಾಂತಕ್ಕಿಂತ ಸುಮಾರು 30 ಸಾವಿರ ಪಟ್ಟು ಬಲವಾದದ್ದು. 2018ರ ಜನವರಿಯಲ್ಲಿ ಮುಂಬೈನ ಆಸ್ಪತ್ರೆಯೊಂದರಲ್ಲಿ ಆಕ್ಸಿಜನ್ ಸಿಲಿಂಡರ್ ಹಿಡಿದು ಒಳಗೆ ಹೋದ ಯುವಕನನ್ನು ಮಷಿನ್ ಎಳೆದುಕೊಂಡು ಅವನು ಸತ್ತೇಹೋದ. ಹಾಗಾಗಿ ಹೇರ್‌ಪಿನ್, ಸೇಫ್ಟಿ ಪಿನ್, ಉಡಿದಾರ, ಕಾಲುಂಗುರ ಒಂದೊಂದನ್ನೇ ಕೇಳಿ ತೆಗೆಸಿ. ಪೇಸ್‌ಮೇಕರ್ ಇದೆಯಾ ಅಂತ ಕೇಳಿದರೆ ಗೊತ್ತಾಗಲ್ಲ, ‘ಎದೆಗೆ ಮಷಿನ್ ಇಡಿಸಿದ್ದಾರಾ’ ಅಂತ ಕೇಳಿ.

ಗರ್ಭಿಣಿಯರ ಸ್ಕ್ಯಾನಿಂಗ್ ಮಾಡಬಹುದು ಅಂತ ಆಸೆಪಟ್ಟು ಬರೋರಿದ್ದಾರೆ. ಅದು ಡಾಕ್ಟರ ಕೆಲಸ. 1994ರ ಕಾಯ್ದೆ ಪ್ರಕಾರ ಮಗು ಗಂಡೋ ಹೆಣ್ಣೋ ಅಂತ ತಿಳಿಸೋದು ಅಪರಾಧ, ಸನ್ನೆ ಮಾಡಿ ತೋರಿಸಿದರೂ ಅಪರಾಧವೇ. ನೆಂಟರು ಗುಟ್ಟಾಗಿ ಕೇಳ್ತಾರೆ. ಇಲ್ಲ ಅನ್ನೋದನ್ನ ಮೊದಲ ದಿನವೇ ಅಭ್ಯಾಸ ಮಾಡಿಕೊಳ್ಳಿ.

ಇಂಟರ್ನ್‌ಶಿಪ್‌ನಿಂದ ಸಂಬಳದವರೆಗೆ

ಇಂಟರ್ನ್‌ಶಿಪ್‌ನಲ್ಲಿ ಲಾಗ್ ಪುಸ್ತಕಕ್ಕೆ ಸುಮ್ನೆ ಸಹಿ ಹಾಕಿಸಿಕೊಳ್ಳಬೇಡಿ. ದಿನಾ ರಿಪೀಟ್ ಮಾಡಬೇಕಾಗಿ ಬಂದ ಫಿಲಂಗಳನ್ನು, ಯಾಕೆ ಕೆಟ್ಟಿತು ಅನ್ನೋದನ್ನ ಬರೆಯಿರಿ. ನೈಟ್ ಡ್ಯೂಟಿ ಬೇಡ ಅನ್ನಬೇಡಿ. ಹಗಲಲ್ಲಿ ಸೀನಿಯರ್ ಇರ್ತಾರೆ, ರಾತ್ರಿ ಕೈಗೆ ಕೆಲಸ ಸಿಗುತ್ತೆ. ಮೂಳೆ ಆಪರೇಷನ್‌ ನಡೆಯುವಾಗಲೇ ಚಿತ್ರ ತೋರಿಸುವ ಸಿ-ಆರ್ಮ್ ಎಕ್ಸ್‌ರೇ ಮಷಿನ್ ಓಡಿಸೋದನ್ನೂ ಕಲಿತುಬಿಡಿ. ದಾವಣಗೆರೆಯ ನರ್ಸಿಂಗ್ ಹೋಂಗಳಲ್ಲಿ ಅದು ಬರುವವರಿಗೆ ಬೇಡಿಕೆ ಇದೆ.

ಸರ್ಕಾರಿ ಕೆಲಸ ಬೇಕು ಅನ್ನೋರು ಆರೋಗ್ಯ ಇಲಾಖೆಯ ನೇಮಕಾತಿ ಜೊತೆ ರೈಲ್ವೆಯದ್ದನ್ನೂ ನೋಡಿ. 2024ರ ಪ್ಯಾರಾಮೆಡಿಕಲ್ ಪ್ರಕಟಣೆಯಲ್ಲಿ ರೇಡಿಯೋಗ್ರಾಫರ್ (ಎಕ್ಸ್‌ರೇ ಟೆಕ್ನಿಷಿಯನ್) ಹುದ್ದೆಗೆ ಆರಂಭಿಕ ವೇತನ 29,200 ರೂಪಾಯಿ ಇತ್ತು, ಭತ್ಯೆ ಬೇರೆ. 100 ಪ್ರಶ್ನೆ, 90 ನಿಮಿಷ. ಅದರಲ್ಲಿ 70 ಪ್ರಶ್ನೆ ನಮ್ಮ ವಿಷಯದ್ದೇ. ತಪ್ಪು ಉತ್ತರಕ್ಕೆ ಮೂರನೇ ಒಂದು ಅಂಕ ಕಳೀತಾರೆ. ಕೋಚಿಂಗ್ ಸೆಂಟರ್‌ಗೆ ದುಡ್ಡು ಸುರಿಯೋದಕ್ಕಿಂತ ನಿಮ್ಮ ಹಳೆಯ ಪಾಠದ ಪುಸ್ತಕ ಸಾಕು.

ಖಾಸಗಿ ಕಡೆ ಸೇರೋದಾದರೆ ಸಂಬಳ ಕೇಳುವ ಮುಂಚೆ ಕೋಣೆ ತೋರಿಸಿ ಅನ್ನಿ. ಎಇಆರ್‌ಬಿ ಲೈಸೆನ್ಸ್ ಇದೆಯಾ, ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತಾ, ಏಪ್ರನ್ ನೇತುಹಾಕಿದ್ದಾರಾ, ಮಡಚಿ ಮೂಲೆಗೆ ಎಸೆದಿದ್ದಾರಾ ನೋಡಿ. ‘ನನಗೆ ಟಿಎಲ್‌ಡಿ ಯಾವತ್ತು ಕೊಡ್ತೀರಾ’ ಅಂತ ಕೇಳಿ. ‘ನೋಡೋಣ’ ಅಂದರೆ ನೀವೂ ‘ನೋಡೋಣ ಸರ್’ ಅಂದು ಎದ್ದು ಬನ್ನಿ. ಹಿಂದಿನ ಕಡೆ ಬ್ಯಾಡ್ಜ್ ಹಾಕಿದ್ದರೆ ನಿಮ್ಮ ನಂಬರ್ ಮತ್ತು ಅಲ್ಲಿಯವರೆಗಿನ ಡೋಸ್ ವಿವರವನ್ನು ಬಿಡುವ ದಿನವೇ ಬರೆಸಿಕೊಂಡು ಬನ್ನಿ. ಹೊಸ ಕಡೆ ಅದನ್ನೇ ಕೊಟ್ಟರೆ ಲೆಕ್ಕ ಮುಂದುವರಿಯುತ್ತೆ.